ಒಲೆ ಕೆಟ್ಟಿರಲಿಲ್ಲ, ಕೂಗು ಬಂದಿರಲಿಲ್ಲ

ಮಾಲೆಂ ಜಿಲಾಲಿಯ ಒಲೆ ಕೆಟ್ಟಿದೆ ಎಂದು ಇಡೀ ಓಣಿ ಹೇಳುತ್ತಿತ್ತು. ಬೆನ್ನ ಹಿಂದೆ ಅಲ್ಲ, ಎದುರಿಗೇ ಹೇಳುತ್ತಿತ್ತು.

"ಮಾಲೆಂ, ಇದನ್ನ ನೋಡಿ. ರೊಟ್ಟಿನಾ ಇದು, ಹಳೇ ಚಪ್ಪಲಿನಾ?" ಪಕ್ಕದ ಮನೆಯ ಹನಿಯಾ ಹಲಗೆಯ ಮೇಲಿನ ಬಟ್ಟೆ ಸರಿಸಿ ತೋರಿಸಿದಳು. "ಹಿಟ್ಟು ಉಬ್ಬಿ, ಕಾದು ಕಾದು, ಬೇಜಾರಾಗಿ ಕುಸಿದು ಕೂತ್ಬಿಟ್ಟಿದೆ. ಒಲೆಗೆ ವಯಸ್ಸಾಯ್ತಾ, ನಿಮಗಾಯ್ತಾ?"

"ಎರಡಕ್ಕೂ ಆಗಿಲ್ಲ. ನಿನ್ನ ನಾಲಿಗೆಗಂತೂ ಆಗಿಲ್ಲ ಬಿಡು," ಎಂದ ಜಿಲಾಲಿ. ಹೇಳಿದನೇ ಹೊರತು ಅವನಿಗೂ ಒಳಗೊಳಗೆ ಅಳುಕಿತ್ತು.

ಮೊರಾಕೋದ ಸೆಫ್ರು ಊರಿನ ಹಳೇ ಪೇಟೆಯಲ್ಲಿ ರೊಟ್ಟಿಯ ಹಿಟ್ಟನ್ನು ಮನೆಯಲ್ಲಿ ನಾದುತ್ತಾರೆ, ಸುಡುವುದು ಓಣಿಯ ಒಲೆಯಲ್ಲಿ. ಒಲೆ ನೋಡಿಕೊಳ್ಳುವ ಉಸ್ತಾದನನ್ನು ಮಾಲೆಂ ಎಂದು ಕರೆಯುತ್ತಾರೆ. ಜಿಲಾಲಿಯ ಒಲೆ ಇದ್ದದ್ದು ಇಪ್ಪತ್ತೆರಡು ಮೆಟ್ಟಿಲ ಕೆಳಗೆ, ಗವಿಯಂಥ ಜಾಗದಲ್ಲಿ. ಹೆಂಗಸರು ಹಲಗೆಯ ಮೇಲೆ ಹಸಿ ರೊಟ್ಟಿ ಜೋಡಿಸಿ, ಬಟ್ಟೆ ಹೊದಿಸಿ, ಮೆಟ್ಟಿಲ ತುದಿಯಲ್ಲಿ ಇಟ್ಟು ಹೋಗುತ್ತಿದ್ದರು. ಮೇಲೆ ಏನು ಬಂತೆಂದು ಕೆಳಗಿನವನಿಗೆ ಕಾಣುತ್ತಿರಲಿಲ್ಲ. ಅದಕ್ಕೆಂದೇ ಅವನ ಮಗಳು ಬತೂಲ್ ಮೇಲೆ ಕೂತಿರುತ್ತಿದ್ದಳು. ಅವಳ ಶಾಲೆ ಮಧ್ಯಾಹ್ನದ ಪಾಳಿಯದು. ಬೆಳಗಿನ ಹೊತ್ತು ಪುಟ್ಟ ಮಣೆ ಹಾಕಿಕೊಂಡು, ಹಲಗೆ ಬಂದೊಡನೆ ಕೆಳಕ್ಕೆ ಕೂಗುವುದು ಅವಳ ಕೆಲಸ: "ಬ್ಬಾ, ಎರಡು ಹಲಗೆ!"

ಬ್ಬಾ ಎಂದರೆ ಅಲ್ಲಿ ಅಪ್ಪ. ನಮ್ಮ ಕಿವಿಗೆ ಅದು "ಬಾ" ಎಂದೇ ಬೀಳುತ್ತದೆ. ಬೀಳಲಿ, ಅವಳು ಕೂಗುತ್ತಿದ್ದದ್ದೂ ಅಪ್ಪ ಬರಲಿ ಎಂದೇ.

ಕೂಗು ಬಿದ್ದ ಮೇಲೆಯೇ ಜಿಲಾಲಿ ಮೇಲೆ ಹೋಗಿ ಹಲಗೆ ತರುವುದು, ಕೆಂಡ ಕೆದಕುವುದು, ಒದ್ದೆ ಬಟ್ಟೆಯಿಂದ ಒಲೆಯ ತಳ ಒರೆಸುವುದು. ಕೂಗು ಬರದೆ ಅವನು ಒಂದು ಕಟ್ಟಿಗೆಯನ್ನೂ ತಳ್ಳುವವನಲ್ಲ. ಸುಮ್ಮನೆ ಉರಿಸಿದರೆ ಒಲೆಯೇ ಬಿರಿಯುತ್ತದೆ ಎಂದು ಅವನ ಲೆಕ್ಕ.

ಒಲೆ ಕೆಟ್ಟಿದೆ ಎಂಬ ಮಾತು ಕೇಳಿ ಕೇಳಿ ಅವನು ಒಲೆಯ ತಳವನ್ನೇ ಕಿತ್ತು, ಬಿಸಿ ಹಿಡಿದಿಡಲೆಂದು ಉಪ್ಪು ಹಾಸಿ, ಹೊಸ ಇಟ್ಟಿಗೆ ಕೂರಿಸಿದ. ಮೂರು ದಿನದ ಕೆಲಸ. ನಾಲ್ಕನೇ ದಿನವೂ ಹನಿಯಾಳ ರೊಟ್ಟಿ ಚಪ್ಪಲಿಯಂತೆಯೇ ಬಂತು.

ಇಷ್ಟೇ ಆಗಿದ್ದರೆ ಜಿಲಾಲಿ ಜಗಳವಾಡಿಕೊಂಡು ದಿನ ಕಳೆಯುತ್ತಿದ್ದ. ಅವನ ನಿದ್ದೆ ಕೆಡಿಸಿದ್ದು ಒಲೆಯಲ್ಲ, ಬತೂಲ್. ರೊಟ್ಟಿ ತಳ್ಳುವ ಉದ್ದ ಹಿಡಿಯ ಮರದ ಸಲಿಕೆಯೊಂದನ್ನು ಅವನು ಗೋಡೆಗೆ ಒರಗಿಸಿಟ್ಟಿದ್ದ. ಪ್ರತಿ ಹಬ್ಬದ ಬೆಳಿಗ್ಗೆ ಮಗಳನ್ನು ಅದರ ಪಕ್ಕ ನಿಲ್ಲಿಸಿ, ಅವಳ ತಲೆಯ ಮಟ್ಟಕ್ಕೆ ಚಾಕುವಿನಿಂದ ಒಂದು ಗೀರು ಹಾಕುತ್ತಿದ್ದ. ಎರಡು ವರ್ಷದಿಂದ ಚಾಕು ಹಳೇ ಗೀರಿನ ಮೇಲೇ ಬೀಳುತ್ತಿತ್ತು. ಹನ್ನೊಂದು ವರ್ಷದ ಹುಡುಗಿ ಎಂಟು ವರ್ಷದವಳಂತೆ ಕಾಣುತ್ತಿದ್ದಳು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಉಬ್ಬರ, ಮುಖ ಬಿಳುಚಿಕೊಂಡಿತ್ತು. ಊಟ ಕಡಿಮೆ ಏನಿರಲಿಲ್ಲ, ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ ಅಷ್ಟೇ. ಮಲ ಬಿಳಿಚಾಗಿ, ಜಿಡ್ಡುಜಿಡ್ಡಾಗಿ, ನೀರಿನ ಮೇಲೆ ತೇಲುತ್ತಿತ್ತು. ಎರಡು ಬಕೆಟ್ ಸುರಿದರೂ ಹೋಗುತ್ತಿರಲಿಲ್ಲ, ವಾಸನೆಯಂತೂ ತಡೆಯಲಾಗದು. ಪಾಪದ ಹುಡುಗಿ ನಾಚಿಕೆಯಿಂದ ಬಾಯಿಬಿಡದೆ ತಾನೇ ತೊಳೆದು ಬರುತ್ತಿದ್ದಳು.

ಓಣಿಗೆ ಬತೂಲ್ ಎಂದರೆ ಪ್ರಾಣ. ಹಲಗೆ ಕಳಿಸುವ ಪ್ರತಿ ಮನೆಯವರೂ ಮೂಲೆಯಲ್ಲಿ ಮುಷ್ಟಿಯಷ್ಟು ದೊಡ್ಡ ಒಂದು ಪುಟ್ಟ ರೊಟ್ಟಿ ಇಡುತ್ತಿದ್ದರು. ಅದು ಕೂಗುವವಳ ಪಾಲು, ತಲೆತಲಾಂತರದಿಂದ ನಡೆದುಬಂದದ್ದು. ಹುಡುಗಿ ಸೊರಗಿದ್ದು ಕಂಡಮೇಲೆ ಹೆಂಗಸರೆಲ್ಲಾ ತಾವೇ ಮಾತಾಡಿಕೊಂಡು, ಆ ಪುಟ್ಟ ರೊಟ್ಟಿಯನ್ನು ಗೋಧಿಯ ಬದಲು ಬಾರ್ಲಿ ಹಿಟ್ಟಿನಲ್ಲಿ ತಟ್ಟತೊಡಗಿದರು. ಕಾಯಿಲೆಯವರಿಗೆ ಬಾರ್ಲಿ ತಂಪು, ಹಗುರ ಎಂದು ಅಲ್ಲಿ ಎಲ್ಲರೂ ನಂಬುತ್ತಾರೆ. ಬತೂಲಳ ತಾಯಿ ಯಮ್ನಾ ಇನ್ನೂ ಒಂದು ಹೆಜ್ಜೆ ಮುಂದೆ. ಮಗಳಿಗೆ ಗೋಧಿಯನ್ನೇ ನಿಲ್ಲಿಸಿ, ಬೆಳಿಗ್ಗೆ ಬಾರ್ಲಿ ಗಂಜಿ, ಸಂಜೆ ಬಾರ್ಲಿ ಗಂಜಿ. ಆರು ತಿಂಗಳಿನಿಂದ ಹೀಗೇ ನಡೆದಿತ್ತು. ಹುಡುಗಿ ಇನ್ನಷ್ಟು ಇಳಿದುಹೋದಳು.

ಕೊನೆಗೆ ತೇಲುವ ಮಲ ಯಮ್ನಾಳ ಕಣ್ಣಿಗೇ ಬಿದ್ದು, ಅದರ ಪರೀಕ್ಷೆ ಮಾಡಿಸಿದರು. ಚೀಟಿ ಓದಿದ್ದು ಯಮ್ನಾಳ ತಮ್ಮ, ಔಷಧಿ ಅಂಗಡಿಯಲ್ಲಿ ಪೆಟ್ಟಿಗೆ ಜೋಡಿಸುವವನು. ಓದಿ, ತಲೆ ಅಲ್ಲಾಡಿಸಿ, "ಮೇದೋಜೀರಕ ಗ್ರಂಥಿಯ ರಸ ತೀರಾ ಕಡಿಮೆ ಇದೆ ಭಾವ. ಗ್ರಂಥಿ ಒಣಗಿಹೋಗಿದೆ. ಇನ್ನು ಜೀವಮಾನ ಪೂರ್ತಿ ಹೀಗೇ," ಎಂದುಬಿಟ್ಟ. ಜಿಲಾಲಿ ಆ ದಿನ ಒಲೆಯ ಮುಂದೆ ಕೂತು ಅತ್ತ. ಇಟ್ಟಿಗೆಯ ಒಲೆಯಾದರೆ ತಳ ಕಿತ್ತು ಕೂರಿಸಬಹುದು, ಮಗಳ ಹೊಟ್ಟೆಯೊಳಗಿನದನ್ನು ಯಾರು ಕೂರಿಸುತ್ತಾರೆ ಎಂದು ಅವನಿಗೆ ಹೊಳೆಯಲಿಲ್ಲ.

ಹೀಗಿರುವಾಗ ಒಂದು ಮಂಗಳವಾರ ತುರಿಯಾ ಬಂದಳು. ಅವಳು ಆ ಪೇಟೆಯ ಆರೋಗ್ಯ ಕೇಂದ್ರದ ನರ್ಸು. ಚಿಕ್ಕವಳಿದ್ದಾಗ ಇದೇ ಒಲೆಯ ರೊಟ್ಟಿ ತಿಂದು ಬೆಳೆದವಳು. ಅಂದು ರಜೆ ಹಾಕಿ ತವರಿಗೆ ಬಂದಿದ್ದಳು, ಅಮ್ಮನ ಹಲಗೆ ಹೊತ್ತು ತಂದು ಮೆಟ್ಟಿಲ ತುದಿಯಲ್ಲಿ ಇಟ್ಟಳು. ಇಟ್ಟು ಹೋಗದೆ ಅಲ್ಲೇ ನಿಂತಳು.

ಅಲ್ಲಿ ಅವಳ ಹಲಗೆಗೆ ಮುಂಚೆಯೇ ನಾಲ್ಕು ಹಲಗೆ ಕಾಯುತ್ತಿದ್ದವು. ಬಟ್ಟೆಯಡಿ ಹಿಟ್ಟು ಉಬ್ಬಿ ಕುಸಿಯುತ್ತಿತ್ತು. ಪಕ್ಕದಲ್ಲಿ ಬತೂಲ್ ಗೋಡೆಗೆ ಒರಗಿ ಕೂತು ಕೂಗುತ್ತಿದ್ದಳು. ಬಾಯಿ ತೆರೆಯುತ್ತಿತ್ತು, ಕತ್ತಿನ ನರ ಬಿಗಿಯುತ್ತಿತ್ತು, ದನಿ ಮಾತ್ರ ಮೂರನೇ ಮೆಟ್ಟಿಲು ದಾಟುತ್ತಿರಲಿಲ್ಲ.

ತುರಿಯಾ ದಡದಡ ಇಳಿದಳು. ಕೆಳಗೆ ಜಿಲಾಲಿ ಕೈಕಟ್ಟಿ ಕೂತಿದ್ದ. ಒಲೆಯ ಕೆಂಡ ಬೂದಿ ಹೊದ್ದು ಮಲಗಿತ್ತು.

"ಮಾಲೆಂ, ಮೇಲೆ ಐದು ಹಲಗೆ ಬಂದು ಕೂತಿದೆ. ನೀವು ಇಲ್ಲಿ ಆರಾಮಾಗಿ ಕೂತಿದೀರಲ್ಲ?"

"ಐದಾ? ಕೂಗೇ ಬರ್ಲಿಲ್ಲವಲ್ಲ ಲಲ್ಲಾ ತುರಿಯಾ." ಲಲ್ಲಾ ಎಂದರೆ ಅಲ್ಲಿ ಹೆಂಗಸರನ್ನು ಗೌರವದಿಂದ ಕರೆಯುವ ಮಾತು.

"ಕೂಗ್ತಾನೇ ಇದಾಳೆ. ನಿಮಗೆ ಕೇಳ್ತಿಲ್ಲ."

ಜಿಲಾಲಿ ಎದ್ದು ಮೆಟ್ಟಿಲ ಬಳಿ ಹೋಗಿ ಕಿವಿಗೊಟ್ಟ. ಉಸಿರಿನಷ್ಟು ಸಣ್ಣದಾಗಿ, "ಬ್ಬಾ" ಎಂದು ಕೇಳಿದಂತಾಯಿತು. ಅವನ ಮುಖದ ಬಣ್ಣ ಇಳಿಯಿತು. ಮೂರು ದಿನ ಬೆವರು ಸುರಿಸಿ ಕೂರಿಸಿದ ಹೊಸ ಇಟ್ಟಿಗೆಗಳನ್ನು ನೋಡಿದ.

"ಅಂದ್ರೆ ಒಲೆ ಕೆಟ್ಟಿಲ್ಲ," ಎಂದ.

"ಒಲೆ ಗಟ್ಟಿಮುಟ್ಟಾಗಿದೆ. ಕೂಗು ಬಂದಿಲ್ಲ ಅಷ್ಟೇ," ಎಂದ ತುರಿಯಾ ಮೆಟ್ಟಿಲ ಕಡೆ ಕೈತೋರಿ ಕೇಳಿದಳು: "ಈ ಮಗು ಯಾಕೆ ಹೀಗಾಗಿದಾಳೆ?"

ಜಿಲಾಲಿ ಎಲ್ಲಾ ಹೇಳಿದ. ಬಾರ್ಲಿ ಗಂಜಿ, ತೇಲುವ ಮಲ, ಸಲಿಕೆಯ ಗೀರು, ಕೊನೆಗೆ ಒಣಗಿದ ಗ್ರಂಥಿ. ಜೇಬಿನಲ್ಲೇ ಇಟ್ಟುಕೊಂಡಿದ್ದ ಪರೀಕ್ಷೆಯ ಚೀಟಿ ಕೊಟ್ಟ. ತುರಿಯಾ ಅದನ್ನು ಎರಡು ಸಲ ಓದಿದಳು. ಅವಳ ಕಣ್ಣು ಅರಳುತ್ತಾ ಹೋಯಿತು.

"ಮಾಲೆಂ, ರಸ ಕಡಿಮೆ ಇದೆ ಅಂತ ಮಾತ್ರ ಇಲ್ಲಿ ಬರೆದಿದೆ. ಗ್ರಂಥಿ ಒಣಗಿದೆ ಅಂತ ಬರೆದೇ ಇಲ್ಲ. ನಿಮ್ಮ ಓಣಿಯವರು ನಿಮ್ಮ ಒಲೆಗೆ ಹೇಳಿದ ಮಾತನ್ನೇ ನಿಮ್ಮ ಭಾಮೈದ ಇವಳ ಹೊಟ್ಟೆಗೆ ಹೇಳಿದಾನೆ. ಲಲ್ಲಾ ಯಮ್ನಾನ ಕರೀರಿ, ನಾನು ಹೇಳ್ತೀನಿ."

ಯಮ್ನಾ ಕೈ ಒರೆಸಿಕೊಳ್ಳುತ್ತಾ ಬಂದಳು. ಹನಿಯಾಳನ್ನು ಯಾರೂ ಕರೆದಿರಲಿಲ್ಲ, ಅವಳೂ ಬಂದಳು. ಬತೂಲ್ ಕೆಳಗಿನ ಮೆಟ್ಟಿಲ ಮೇಲೆ ಕೂತಳು. ಜಿಲಾಲಿ ಐದೂ ಹಲಗೆಗಳನ್ನು ತಂದು, ಕೆಂಡ ಕೆದಕಿ, ರೊಟ್ಟಿ ತಳ್ಳುತ್ತಲೇ ಕೇಳಿಸಿಕೊಂಡ.

"ಹೊಟ್ಟೆ ಹಿಂದೆ ಮೇದೋಜೀರಕ ಅಂತ ಒಂದು ಗ್ರಂಥಿ ಇದೆ. ಅದೇ ಒಳಗಿನ ಒಲೆ ಅಂದ್ಕೊಳ್ಳಿ," ಎಂದು ತುರಿಯಾ ಶುರು ಮಾಡಿದಳು. "ಎಣ್ಣೆ, ಮಾಂಸ, ಹಿಟ್ಟು, ಎಲ್ಲಾ ಕರಗಿಸೋ ರಸ ಅದರದ್ದು. ಆದರೆ ಅದೂ ಮಾಲೆಂ ಥರಾನೇ. ಕೂಗು ಬರದೆ ಜಾಸ್ತಿ ಅಲ್ಲಾಡಲ್ಲ."

"ಯಾರು ಕೂಗೋದು?" ಬತೂಲ್ ಕೇಳಿದಳು.

"ಸಣ್ಣಕರುಳು. ಹೊಟ್ಟೆಯಿಂದ ಊಟ ಇಳಿಯುತ್ತಲ್ಲ, ಮೊದಲ ಗೇಣು ಕರುಳಿನ ಗೋಡೆಯಲ್ಲಿ ನಿನ್ನ ಥರ ಕೂಗೋರು ಕೂತಿದಾರೆ. ಕಣ್ಣಿಗೆ ಕಾಣದಷ್ಟು ಚಿಕ್ಕೋರು. ಊಟ ಹುಳಿಯಾಗಿ ಇಳಿಯುತ್ತೆ. ಹುಳಿ ತಾಗಿದ ತಕ್ಷಣ ಮೊದಲನೆಯವಳು ಕೂಗ್ತಾಳೆ, ಹುಳಿ ಬಂತು, ಬಾ ಅಂತ. ಆಗ ಗ್ರಂಥಿ ಸೋಡಾ ನೀರಿನಂಥದ್ದನ್ನ ಹರಿಸಿ ಹುಳಿ ಮುರಿಯುತ್ತೆ. ಹುಳಿ ಮುರೀದೆ ಇದ್ರೆ ರಸ ಕೆಲಸ ಮಾಡಲ್ಲ, ಕರುಳೂ ಸುಡುತ್ತೆ. ಎಣ್ಣೆ, ಮಾಂಸ, ಮೊಟ್ಟೆ ಬಂದ್ರೆ ಎರಡನೆಯವಳ ಸರದಿ. ಅವಳು ಕೂಗಿದ್ರೆ ಗಟ್ಟಿ ರಸ ಬರುತ್ತೆ, ಜೊತೆಗೆ ಪಿತ್ತದ ಚೀಲಾನೂ ಹಿಂಡಿ ಪಿತ್ತ ಸುರಿಯುತ್ತೆ. ಇಬ್ಬರೂ ಒಟ್ಟಿಗೆ ಕೂಗಿದ್ರೆ ಕೆಲಸ ಇಮ್ಮಡಿ. ಊಟ ಕರಗಿತಾ, ಕೂಗು ತಾನಾಗೇ ನಿಲ್ಲುತ್ತೆ."

"ಕೂಗು ಗ್ರಂಥಿಗೆ ಕೇಳೋದು ಹೇಗೆ? ಅದಕ್ಕೇನು ಕಿವಿ ಇದೆಯಾ?" ಹನಿಯಾ ಕೊಂಕು ತೆಗೆದಳು.

"ರಕ್ತದಲ್ಲಿ ಹೋಗುತ್ತೆ. ಕರುಳು ಒಂದು ತೊಟ್ಟು ಸಂದೇಶಾನ ರಕ್ತಕ್ಕೆ ಬಿಡುತ್ತೆ. ಅದು ಮೈಯೆಲ್ಲಾ ಸುತ್ತುತ್ತೆ. ಆದ್ರೂ ಯಾರಿಗೆ ಕೇಳಬೇಕೋ ಅವರಿಗೇ ಕೇಳುತ್ತೆ. ಹಾರ್ಮೋನು ಅನ್ನೋದು ಅದಕ್ಕೇ."

"ಅವರಿಬ್ಬರಿಗೂ ಹೆಸರಿದೆಯಾ?" ಎಂದಳು ಬತೂಲ್.

"ಇದೆ. ಮೊದಲನೆಯವಳು ಸೀಕ್ರೆಟಿನ್. ಎರಡನೆಯವಳ ಹೆಸರು ಹೇಳಿ ಮುಗಿಸೋಷ್ಟರಲ್ಲಿ ನಿಮ್ಮಪ್ಪನ ರೊಟ್ಟಿ ಸೀದುಹೋಗುತ್ತೆ. ಕೊಲೆಸಿಸ್ಟೊಕೈನಿನ್."

"ಅವಳನ್ನ ಅವರಮ್ಮ ಊಟಕ್ಕೆ ಹೇಗೆ ಕರೀತಾಳೆ?"

"ಡಾಕ್ಟರುಗಳೂ ಸೋತು ಸಿ.ಸಿ.ಕೆ. ಅಂತಾರೆ."

ಬತೂಲ್ ನಕ್ಕಳು. ಹೆಸರಿನ ಮೊದಲಿಗೇ ಕೊಲೆ ಇದ್ದರೂ ಈ ಸಿ.ಸಿ.ಕೆ. ಯಾರನ್ನೂ ಕೊಲ್ಲುವುದಿಲ್ಲ, ಅನ್ನ ಮೈಗೆ ಹತ್ತಿಸುವವಳೇ ಅವಳು. ಮಗಳು ನಕ್ಕು ಎಷ್ಟು ದಿನವಾಗಿತ್ತೆಂದು ಜಿಲಾಲಿಗೆ ಆಗ ನೆನಪಾಯಿತು.

"ನನ್ನ ಮಗಳ ಕರುಳು ಯಾಕೆ ಕೂಗ್ತಿಲ್ಲ?" ಎಂದು ಯಮ್ನಾ ಕೇಳಿದಳು.

"ನನಗೊಂದು ಅನುಮಾನ ಇದೆ. ಸೀಲಿಯಾಕ್ ಅಂತ ಒಂದು ಕಾಯಿಲೆ ಇದೆ. ಗೋಧೀಲಿ ಒಂದು ಅಂಟು ಇರುತ್ತಲ್ಲ, ಹಿಟ್ಟು ನಾದಿದ್ರೆ ರಬ್ಬರಿನ ಹಾಗೆ ಎಳೆಯುತ್ತಲ್ಲ, ಅದನ್ನ ಕೆಲವರ ಮೈ ಶತ್ರು ಅಂತ ತಪ್ಪು ತಿಳ್ಕೊಳ್ಳುತ್ತೆ. ಆ ಅಂಟು ಬಂದಾಗಲೆಲ್ಲಾ ತನ್ನ ಕರುಳಿನ ಗೋಡೇನೇ ತಾನೇ ಕೆರೆದು ಹಾಕುತ್ತೆ. ಒಳಗೋಡೆ ಹೊಸ ಜಮಖಾನೆ ಥರ ದಟ್ಟವಾಗಿರಬೇಕು, ಇವರದ್ದು ತುಳಿದು ತುಳಿದು ಸವೆದ ಹಾಗಾಗುತ್ತೆ. ಕೂಗೋರು ಕೂತಿರೋದು ಅದೇ ಗೋಡೇಲಿ. ಗೋಡೆ ಕೆಟ್ಟ ಮೇಲೆ ಕೂಗು ಎಲ್ಲಿಂದ ಬರಬೇಕು? ಒಲೆ ಸರಿಯಾಗಿದ್ರೂ ಸುಮ್ಮನೆ ಕೂತಿರುತ್ತೆ."

ಯಮ್ನಾ ಸೊಂಟದ ಮೇಲೆ ಕೈಯಿಟ್ಟಳು. "ಹಾಗಿದ್ರೆ ನಾನೇ ಗೆದ್ದೆ ನೋಡು. ಆರು ತಿಂಗಳಿಂದ ಗೋಧಿ ಒಂದು ಚೂರೂ ಕೊಟ್ಟಿಲ್ಲ. ಬರೀ ಬಾರ್ಲಿ."

"ನಾವೂ ಬಾರ್ಲಿನೇ ಕಳಿಸ್ತಿರೋದು," ಎಂದು ಹನಿಯಾ ಎದೆಯುಬ್ಬಿಸಿದಳು. "ಓಣಿಗೆ ಓಣಿನೇ ಕಳಿಸುತ್ತೆ."

ತುರಿಯಾ ಹಣೆ ಹಿಡಿದುಕೊಂಡಳು. "ಲಲ್ಲಾ ಯಮ್ನಾ, ಬಾರ್ಲೀಲೂ ಆ ಅಂಟಿನ ತಂಗಿ ಇದಾಳೆ. ಈ ಕಾಯಿಲೆಗೆ ಗೋಧಿ ಎಷ್ಟೋ ಬಾರ್ಲಿನೂ ಅಷ್ಟೇ."

ಹನಿಯಾ ಉಬ್ಬಿಸಿದ್ದ ಎದೆ ಇಳಿಸಿದಳು. ಯಮ್ನಾ ಮೆಟ್ಟಿಲ ಮೇಲೆ ಕುಸಿದು ಕೂತಳು. "ನನ್ನ ಕೈಯಾರೆ," ಎಂದಳು. ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ತುರಿಯಾ ಅವಳ ಪಕ್ಕ ಕೂತು ಹೆಗಲ ಮೇಲೆ ಕೈಹಾಕಿದಳು. "ಅಳಬೇಡಿ. ಪ್ರೀತಿಯಿಂದ ಮಾಡಿದ್ದು ನೀವು, ಗೊತ್ತಿಲ್ಲದೆ ಮಾಡಿದ್ದು. ಅದರಲ್ಲೂ ಒಂದು ಒಳ್ಳೇದಾಗಿದೆ ಕೇಳಿ. ಈ ಕಾಯಿಲೆಯ ರಕ್ತ ಪರೀಕ್ಷೆ ಸರಿಯಾಗಿ ಬರಬೇಕಾದ್ರೆ ಅಂಟು ಹೊಟ್ಟೆಗೆ ಹೋಗ್ತಾ ಇರಬೇಕು. ನೀವು ನಿಜವಾಗಲೂ ಎಲ್ಲಾ ಬಿಡಿಸಿದ್ದಿದ್ರೆ, ಪರೀಕ್ಷೆ ಏನೂ ಇಲ್ಲ ಅಂತ ಸುಳ್ಳು ಹೇಳಿಬಿಡ್ತಿತ್ತು. ಈಗ ಮಾಡಿಸಿದ್ರೆ ಸತ್ಯ ಹೊರಬರುತ್ತೆ. ಪರೀಕ್ಷೆ ಮುಗಿಯೋವರೆಗೂ ಏನನ್ನೂ ಬದಲಿಸಬೇಡಿ."

ಜಿಲಾಲಿ ಇಷ್ಟು ಹೊತ್ತೂ ಒಲೆಗೆ ಮುಖ ಮಾಡಿದ್ದವನು ಈಗ ತಿರುಗಿದ. "ಎಲ್ಲಾ ಸರಿ ಲಲ್ಲಾ ತುರಿಯಾ. ನಾನು ಒಲೆಯವನು. ನನ್ನ ಅಪ್ಪ ಒಲೆಯವನು. ನನ್ನ ಮಗಳಿಗೆ ರೊಟ್ಟಿ ಆಗಲ್ಲ ಅಂದ್ರೆ ಜನ ಏನಂತಾರೆ? ಅವನ ರೊಟ್ಟೀಲಿ ವಿಷ ಇದೆ ಅನ್ನಲ್ವಾ?"

"ರೊಟ್ಟೀಲಿ ವಿಷ ಇಲ್ಲ. ಸೆಫ್ರು ಊರೆಲ್ಲಾ ತಿಂದು ಕಲ್ಲಿನ ಹಾಗಿದೆ. ಇವಳೊಬ್ಬಳ ಮೈಗೆ ಆಗಲ್ಲ."

"ನನಗೆ ನಂಬಿಕೆ ಬರ್ತಿಲ್ಲ. ರೊಟ್ಟಿ ದೇವರು ಕೊಟ್ಟದ್ದು. ಕೆಳಗೆ ಬಿದ್ರೆ ಎತ್ತಿ ಮುತ್ತಿಟ್ಟು ಮೇಲಿಡ್ತೀವಿ. ಅದು ಮಗೂನ ಕೆಡಿಸುತ್ತಾ?"

"ಜೋಳಾನೂ ದೇವರೇ ಕೊಟ್ಟದ್ದು ಮಾಲೆಂ," ಎಂದಳು ತುರಿಯಾ. "ನನ್ನ ಮಾತು ನಂಬಬೇಡಿ. ನಿಮ್ಮ ಭಾಮೈದನ ಮಾತೂ ನಂಬಬೇಡಿ. ಒಂದು ತೊಟ್ಟು ರಕ್ತ ಕೊಡಿಸಿ, ಅದು ಏನನ್ನುತ್ತೋ ಅದನ್ನ ನಂಬಿ."

ಜಿಲಾಲಿ ಮಗಳನ್ನು ನೋಡಿದ, ಗೋಡೆಗೆ ಒರಗಿದ್ದ ಸಲಿಕೆಯನ್ನು ನೋಡಿದ. ಅಷ್ಟರಲ್ಲಿ ರೊಟ್ಟಿಯ ಘಮ ಬಂತು. ಬಾಗಿ ಐದೂ ಹಲಗೆಯ ರೊಟ್ಟಿ ಹೊರಗೆಳೆದ. ಕಾದು ಕುಸಿದಿದ್ದ ನಾಲ್ಕು ಹಲಗೆಯವು ಚಪ್ಪಟೆ. ಕೊನೆಗೆ ಬಂದ, ಕಾಯದೆ ಒಲೆ ಸೇರಿದ ತುರಿಯಾಳ ಅಮ್ಮನ ರೊಟ್ಟಿ ಮಾತ್ರ ಕೆನ್ನೆಯುಬ್ಬಿಸಿ ಕೂತಿತ್ತು. ಒಂದೇ ಒಲೆ, ಒಂದೇ ಉರಿ. ಅವನು ಆ ಉಬ್ಬಿದ ರೊಟ್ಟಿಯನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದ.

"ನಾಳೆ ಎಷ್ಟು ಹೊತ್ತಿಗೆ ಬರಬೇಕು?" ಎಂದು ಕೇಳಿದ.

ರಕ್ತ ಪರೀಕ್ಷೆ ಹೌದೆಂದಿತು. ಫೆಸ್ ಪಟ್ಟಣದ ದೊಡ್ಡ ಆಸ್ಪತ್ರೆಯಲ್ಲಿ ತೆಳುವಾದ ಕೊಳವೆ ಇಳಿಸಿ ಕರುಳನ್ನು ನೋಡಿದರು, ಸವೆದ ಜಮಖಾನೆ ಕಣ್ಣಿಗೇ ಕಂಡಿತು. ಡಾಕ್ಟರು ಗ್ರಂಥಿಯ ಚಿತ್ರವನ್ನೂ ತೆಗೆಸಿದರು. ಗ್ರಂಥಿ ದುಂಡಗೆ, ಆರೋಗ್ಯವಾಗಿ ಕೂತಿತ್ತು. "ನಿಮ್ಮ ಹುಡುಗಿಯ ಮೇದೋಜೀರಕಕ್ಕೆ ಏನೂ ಆಗಿಲ್ಲ, ಅದನ್ನ ಯಾರೂ ಕರೀತಿಲ್ಲ," ಎಂದರು ಆ ಡಾಕ್ಟರು. ಜಿಲಾಲಿ ಅವರಿಗೆ, "ಗೊತ್ತು ಡಾಕ್ಟ್ರೇ, ಕೂಗು ಬಂದಿಲ್ಲ," ಎಂದ. ಡಾಕ್ಟರು ಅವನನ್ನು ಇನ್ನೊಮ್ಮೆ ನೋಡಿದರು.

ಕರುಳು ಚೇತರಿಸಿಕೊಳ್ಳುವವರೆಗೆ ಎಂದು ಡಾಕ್ಟರು ರಸದ ಮಾತ್ರೆಯನ್ನೂ ಬರೆದುಕೊಟ್ಟರು. "ಊಟದ ಜೊತೆಗೇ ನುಂಗಬೇಕು, ಮೊದಲ ತುತ್ತಿನ ಹೊತ್ತಿಗೆ. ಊಟ ಆಗಿ ಎರಡು ಗಂಟೆ ಆದಮೇಲೆ ನುಂಗಿದ್ರೆ ಆ ಮಾತ್ರೆಗೆ ಒಳಗೆ ಕೆಲಸ ಇರಲ್ಲ," ಎಂದು ತುರಿಯಾ ಯಮ್ನಾಳಿಂದ ಮೂರು ಸಲ ಹೇಳಿಸಿದಳು.

ಆಮೇಲೆ ಶುರುವಾಯಿತು ನೋಡಿ ಯಮ್ನಾಳ ಆರ್ಭಟ. ಬಾರ್ಲಿಯ ಚೀಲ ಹೊರಗೆ ಹೋಯಿತು. ಮಗಳಿಗೆಂದೇ ಹೊಸ ಮಣ್ಣಿನ ಹಂಚು ಬಂತು, ಹೊಸ ಜರಡಿ ಬಂತು. ಮುಸುಕಿನ ಜೋಳವನ್ನು ಗೋಧಿಯ ಗಿರಣಿಗೆ ಕಳಿಸದೆ ಮನೆಯಲ್ಲೇ ಬೀಸಿ ರೊಟ್ಟಿ ತಟ್ಟಿದಳು. ಶುಕ್ರವಾರದ ಕುಸ್‌ಕುಸ್ ಎಂಬ ರವೆಯ ಊಟ ಕೂಡ ಬತೂಲಳಿಗೆ ಬೇರೆ ಪಾತ್ರೆಯಲ್ಲಿ, ಜೋಳದ್ದು. ಜಿಲಾಲಿ ಮನೆಯೊಳಗೆ ಕಾಲಿಡುವ ಮುನ್ನ ಹಿಟ್ಟಿನ ಅಂಗಿ ಬಾಗಿಲಲ್ಲೇ ಕಳಚಬೇಕು, ಮೊಣಕೈವರೆಗೆ ತೊಳೆಯಬೇಕು.

"ನನ್ನ ಮನೆಗೆ ನಾನೇ ಕಳ್ಳನ ಹಾಗೆ ಬರಬೇಕು," ಎಂದು ಅವನು ಗೊಣಗಿದ.

"ಕಳ್ಳ ಹಿಟ್ಟು ಕೊಡವಿ ಬರಲ್ಲ. ನೀವು ಕೊಡವಿ ಬನ್ನಿ," ಎಂದಳು ಯಮ್ನಾ.

ಉಳಿದದ್ದು ಓಣಿಯ ಪಾಲು. ಕೂಗುವವಳ ಪುಟ್ಟ ರೊಟ್ಟಿಯನ್ನು ನಿಲ್ಲಿಸಿಬಿಡಿ ಎಂದು ಹೇಳಲು ಜಿಲಾಲಿಗೆ ಬಾಯಿ ಬರಲಿಲ್ಲ. ಅದು ಮಗಳ ಮರ್ಯಾದೆ. ತುರಿಯಾಳೇ ಹನಿಯಾಳನ್ನು ಹಿಡಿದಳು. "ಪಾಲು ನಿಲ್ಲಿಸಬೇಡಿ, ಬದಲಿಸಿ. ಚಿಪ್ಪು ಬಿಡಿಸದ ಬೇಯಿಸಿದ ಮೊಟ್ಟೆ ಕಳಿಸಿ. ಹಿಟ್ಟು ಚಿಪ್ಪಿನ ಮೇಲೆ ಬಿದ್ರೂ ತೊಳೆದು ಬಿಡಿಸಿದ್ರಾಯ್ತು, ಒಳಗೆ ಹೋಗಲ್ಲ. ಇನ್ನೊಂದು ಗುಟ್ಟು ಹೇಳ್ಲಾ? ಮೊಟ್ಟೆಯ ಹಳದಿ ಕಂಡ್ರೆ ಆ ಉದ್ದ ಹೆಸರಿನವಳು ಜೋರಾಗಿ ಕೂಗ್ತಾಳೆ."

ಹನಿಯಾಳಿಗೆ ಗುಟ್ಟು ಹೇಳಿದರೆ ಮೈಕಿನಲ್ಲಿ ಹೇಳಿದಂತೆ. ಮಾರನೆಯ ಬೆಳಿಗ್ಗೆ ಪ್ರತಿ ಹಲಗೆಯ ಮೂಲೆಯಲ್ಲೂ ಒಂದೊಂದು ಮೊಟ್ಟೆ ಬೆಳ್ಳಗೆ ಕೂತಿತ್ತು. ಒಟ್ಟು ಹದಿನಾಲ್ಕು. ಬತೂಲ್ ಎರಡು ತಿಂದು, ಉಳಿದದ್ದನ್ನು ಪಾಳಿಯ ಗೆಳತಿಯರಿಗೆ ಹಂಚಿದಳು. ಆಮೇಲೆ ಹೆಂಗಸರು ವಾರದ ಸರದಿ ಹಾಕಿಕೊಂಡರು, ಒಬ್ಬರು ಮೊಟ್ಟೆ, ಒಬ್ಬರು ಮುಚ್ಚಿದ ಡಬ್ಬಿಯಲ್ಲಿ ಖರ್ಜೂರ, ಒಬ್ಬರು ಹಾಗೇ ಡಬ್ಬಿಯಲ್ಲಿ ಬೇಯಿಸಿದ ಕಡಲೆ.

ಮೂರು ವಾರಕ್ಕೆ ಮಲ ತೇಲುವುದು ಕಡಿಮೆಯಾಯಿತು. ಬತೂಲ್ ಅಮ್ಮನ ಕಿವಿಯಲ್ಲಿ ಅದನ್ನು ಹೇಳಿದಳು, ಯಮ್ನಾ ಹಬ್ಬದ ಸುದ್ದಿಯಂತೆ ಗಂಡನಿಗೆ ಮುಟ್ಟಿಸಿದಳು. ಎರಡು ತಿಂಗಳಿಗೆ ಕೆನ್ನೆಯ ಮೇಲೆ ಬಣ್ಣ ಬಂತು. ಐದನೇ ತಿಂಗಳು ಮತ್ತೆ ಮಲ ಪರೀಕ್ಷೆ ಮಾಡಿಸಿದರು. ಚೀಟಿ ಈ ಸಲ ಓದಿದ್ದು ತುರಿಯಾ. ಅವಳು ಮೆಟ್ಟಿಲ ತುದಿಯಿಂದಲೇ ಕೂಗಿದಳು, "ಮಾಲೆಂ, ರಸ ತುಂಬಿ ಹರೀತಿದೆ." ಒಳಗಿನ ಒಲೆಗೆ ಯಾವ ರಿಪೇರಿಯೂ ಆಗಿರಲಿಲ್ಲ. ಗೋಡೆ ಚಿಗುರಿತ್ತು, ಕೂಗುವವರು ಎದ್ದು ಕೂತಿದ್ದರು. ಡಾಕ್ಟರು ಮಾತ್ರೆ ನಿಲ್ಲಿಸಿದರು. ಅಂಟು ಮಾತ್ರ ಜೀವಮಾನಕ್ಕೂ ಬೇಡ ಎಂದರು, ವಾಸಿಯಾಯಿತೆಂದು ಒಂದು ದಿನವೂ ಬೇಡ.

ಹಬ್ಬದ ಬೆಳಿಗ್ಗೆ ಬತೂಲ್ ಸಲಿಕೆಯ ಪಕ್ಕ ಬಂದು ನಿಂತಳು. ಜಿಲಾಲಿ ಚಾಕು ಹಿಡಿದ. ಹಳೇ ಗೀರಿಗೂ ಅವಳ ತಲೆಗೂ ನಡುವೆ ಎರಡು ಬೆರಳಷ್ಟು ಜಾಗವಿತ್ತು. ಅವನು ಚಾಕು ಊರಲಾರದೆ ಮಗಳ ತಲೆಯ ಮೇಲೆ ಕೈಯಿಟ್ಟು ನಿಂತುಬಿಟ್ಟ.

"ಗೀರು ಹಾಕಿ ಬ್ಬಾ. ಮೇಲೆ ಹಲಗೆ ಬರೋ ಹೊತ್ತಾಯ್ತು," ಎಂದಳು ಅವಳು.

ಗೀರು ಬಿತ್ತು. ಅವಳು ಇಪ್ಪತ್ತೆರಡು ಮೆಟ್ಟಿಲನ್ನೂ ಓಡಿಕೊಂಡು ಹತ್ತಿದಳು. ಜಿಲಾಲಿ ಕೆಳಗೆ ಕೂತು ಕಾದ. ಸ್ವಲ್ಪ ಹೊತ್ತಿಗೆ ಮೇಲಿಂದ ಇಡೀ ಗವಿ ಮೊಳಗುವಂತೆ ಬಂತು:

"ಬ್ಬಾ! ಏಳು ಹಲಗೆ!"

"ಅಬ್ಬಬ್ಬಾ, ನನ್ನ ಕಿವಿ," ಎಂದು ಹನಿಯಾ ಬೈದದ್ದೂ ಅದರ ಹಿಂದೆಯೇ ಕೇಳಿತು. ಜಿಲಾಲಿ ಕಣ್ಣೊರೆಸಿಕೊಂಡು ಕೆಂಡ ಕೆದಕಿದ. ಅಂದು ಓಣಿಯ ಒಂದು ರೊಟ್ಟಿಯೂ ಚಪ್ಪಟೆಯಾಗಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಸೆಫ್ರು ದೂರದ ಊರು. ಆದರೆ ಮಗು ಸೊರಗಿದರೆ ಬಾರ್ಲಿ ಗಂಜಿ ಕಾಯಿಸುವ ಮನೆ ನಮ್ಮ ಬೀದಿಯಲ್ಲೂ ಇದೆ. ನಿಮ್ಮ ಮಗು ಉಣ್ಣುತ್ತಿದ್ದರೂ ಬೆಳೆಯುತ್ತಿಲ್ಲವೇ? ಹೊಟ್ಟೆ ಉಬ್ಬರ, ರಕ್ತ ಕಡಿಮೆ, ಮಲ ಜಿಡ್ಡಾಗಿ ತೇಲುತ್ತದೆಯೇ? ನಾಚಿಕೆ ಬಿಟ್ಟು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಹೇಳಿ. ದೊಡ್ಡವರಿಗೂ ಇದು ಬರುತ್ತದೆ, ನಿಮಗೇ ಆಗಿದ್ದರೆ ನಿಮ್ಮದನ್ನೂ ಹೇಳಿ. ಪರೀಕ್ಷೆಗೆ ಮುಂಚೆ ನೀವೇ ವೈದ್ಯರಾಗಿ ಗೋಧಿ ಬಿಡಿಸಬೇಡಿ. ಸೀಲಿಯಾಕ್ ಎಂದು ಗೊತ್ತಾದ ಮೇಲೆ ಚಪಾತಿ, ರವೆ, ಮೈದಾ, ಗೋಧಿ ಶಾವಿಗೆ, ಬಾರ್ಲಿ ಎಲ್ಲವೂ ಬೇಡ. ಇಂಗಿನ ಡಬ್ಬಿಯ ಮೇಲಿನ ಬರಹ ಓದಿ, ಎಷ್ಟೋ ಇಂಗಿನಲ್ಲಿ ಗೋಧಿ ಹಿಟ್ಟು ಬೆರೆಸಿರುತ್ತಾರೆ. ನಮ್ಮ ಅದೃಷ್ಟಕ್ಕೆ ಅಕ್ಕಿ ಇದೆ, ರಾಗಿ ಇದೆ, ಜೋಳ ಇದೆ, ಗೋಧಿ ಬೆರೆಯದಂತೆ ಬೀಸಿದರೆ ಸಾಕು.

ಇನ್ನೂ ಒಂದು ಮಾತು. ಎಲ್ಲರ ಕಥೆಯೂ ಬತೂಲಳ ಕಥೆಯಲ್ಲ. ಕೆಲವರಲ್ಲಿ ಒಲೆಯೇ ನಿಜವಾಗಿ ಕೆಟ್ಟಿರುತ್ತದೆ. ಕುಡಿತದಿಂದ, ಪಿತ್ತದ ಕಲ್ಲಿನಿಂದ, ಹುಟ್ಟಿನಿಂದ ಬಂದ ಕಾಯಿಲೆಯಿಂದ ಗ್ರಂಥಿ ಹಾಳಾದರೆ ಎಷ್ಟು ಕೂಗಿದರೂ ರಸ ಬರುವುದಿಲ್ಲ. ಅಂಥವರಿಗೆ ಊಟದ ಜೊತೆ ಮಾತ್ರೆ ಬೇಕೇ ಬೇಕು. ಮೇಲ್ಹೊಟ್ಟೆಯಲ್ಲಿ ತಡೆಯಲಾಗದ ನೋವು ಬಂದು ಬೆನ್ನಿಗೆ ಇರಿದರೆ, ವಾಂತಿಯಾದರೆ, ಕಷಾಯ ಕಾಯಿಸುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೊರಡಿ. ಯಾವುದು ಕೆಟ್ಟ ಒಲೆ, ಯಾವುದು ಬಾರದ ಕೂಗು ಎಂದು ಹೇಳಬೇಕಾದದ್ದು ಡಾಕ್ಟರು, ಪೆಟ್ಟಿಗೆ ಜೋಡಿಸುವ ಭಾಮೈದ ಅಲ್ಲ.

ಮನೆಯಲ್ಲಿ ಮಗುವಿನ ದನಿ ಸಣ್ಣದಾಗುತ್ತಿದೆ ಅನ್ನಿಸಿದರೆ, ಕೆಳಗೆ ಕೂತು ಒಲೆಯನ್ನು ಬೈಯಬೇಡಿ. ಮೆಟ್ಟಿಲು ಹತ್ತಿ ಮೇಲೆ ಹೋಗಿ ನೋಡಿ.